ಯಾರ ಗರ್ಭಕ್ಕೆ ಯಾರ ಸಂಸ್ಕಾರ?

ಗರ್ಭ ಸಂಸ್ಕಾರವಂತೆ. ನಾವು ಬಾಡಿಗೆಗಿರುವ ಮನೆಯ ಒಡತಿ ಆ ಕರಪತ್ರವನ್ನು ನನ್ನ ಹೆಂಡತಿಯ ಕೈಗಿಟ್ಟಾಗ ಅವಳಿಗೆ ಐದು ತಿಂಗಳು. ಬಸುರಿಯಾದವಳು ಬಾಡು, ಮೊಟ್ಟೆ ಮುಟ್ಟಬಾರದಂತೆ, ಬೆಳಿಗ್ಗೆ ಶ್ಲೋಕ ಕೇಳಬೇಕಂತೆ, ಕೆಟ್ಟದ್ದನ್ನು ನೋಡಬಾರದಂತೆ, ದೂರ ಪ್ರಯಾಣ ಮಾಡಬಾರದಂತೆ. ಮಾಡಿದರೂ ಪುಣ್ಯಕ್ಷೇತ್ರಕ್ಕೆ ಮಾತ್ರವಂತೆ. ಇಷ್ಟು ಮಾಡಿದರೆ ಮಗು ಬೆಳ್ಳಗೆ, ಬುದ್ಧಿವಂತವಾಗಿ ಹುಟ್ಟುತ್ತದಂತೆ.

ಸುಳ್ಳು ಯಾಕೆ ಹೇಳಲಿ? ನಮ್ಮ ವಂಶದಲ್ಲೇ ಮೊದಲ ಬಿ.ಎ. ನಾನು. ಕಪ್ಪು ಬಣ್ಣದ ಮೇಲೆ ಪದ್ಯ ಬರೆದು ಚಪ್ಪಾಳೆ ಗಿಟ್ಟಿಸಿದವನು. ಆದರೂ ಆ 'ಬೆಳ್ಳಗೆ' ಅನ್ನೋ ಪದದ ಹತ್ತಿರ ನನ್ನ ಕಣ್ಣು ಒಂದು ಗಳಿಗೆ ನಿಂತಿತು. ಹೆಂಡತಿ ನೋಡಿಬಿಟ್ಟಳು. "ನಾಚ್ಕೆ ಆಗಲ್ವಾ ನಿಂಗೆ?" ಅಂದಳು. ಆಯಿತು ಗೆಳೆಯರೇ, ಆಯಿತು. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇದು ಒಬ್ಬ ಮನೆ ಒಡತಿಯ ಮೂರ್ಖತನ ಅಂತ ತಿಳಿಯಬೇಡಿ. ಅಪ್ಪ ಅಮ್ಮ ಕಪ್ಪಗೆ ಗಿಡ್ಡಕ್ಕಿದ್ದರೂ ಮಗು ಬೆಳ್ಳಗೆ ಎತ್ತರಕ್ಕೆ ಹುಟ್ಟುವಂತೆ ಮಾಡುತ್ತೇವೆ ಎಂದು ಸಂಘ ಪರಿವಾರದ ಆರೋಗ್ಯ ಭಾರತಿಯವರು ಹೇಳಿಕೊಂಡದ್ದು 2017ರಲ್ಲಿ ಪತ್ರಿಕೆಗಳಲ್ಲೇ ಬಂತು. ಅದೇ ವರ್ಷ ಕೇಂದ್ರದ ಆಯುಷ್ ಮಂತ್ರಾಲಯದ ಕೆಳಗಿನ ಸಂಸ್ಥೆಯ ಪುಸ್ತಿಕೆಯೊಂದು ಬಸುರಿಯರು ಮಾಂಸ ಬಿಡಬೇಕೆಂದು ಉಪದೇಶಿಸಿತು. ಅದೇ ವರ್ಷದ ಅಕ್ಟೋಬರ್ 2ರಂದು ಕರ್ನಾಟಕ ಸರ್ಕಾರ ಮಾತೃಪೂರ್ಣ ಯೋಜನೆ ತಂದು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಅನ್ನ ಸಾರಿನ ಜೊತೆ ಮೊಟ್ಟೆ ಹಾಲು ಕೊಡಲು ಹೊರಟಿತು. ರಕ್ತ ಇಲ್ಲದ ಬಸುರಿಗೆ ಮೊಟ್ಟೆ ತಿನ್ನು ಅನ್ನುವ ನರ್ಸಮ್ಮನದು ಸಂಸ್ಕಾರವಲ್ಲ, ಮೊಟ್ಟೆ ಕಿತ್ತುಕೊಳ್ಳುವವನದು ಸಂಸ್ಕಾರ! ನಮ್ಮ ಕೇರಿಯ ಬಸುರಿಯರಿಗೆ ಕಡಿಮೆ ಕಾಸಿಗೆ ಸಿಗುತ್ತಿದ್ದ ದನದ ಬಾಡು 2021ರ ಕಾಯಿದೆ ಜಾರಿಗೆ ಬಂದ ಮೇಲೆ ಕಳ್ಳಮಾಲಾಯಿತು. ಅದನ್ನು ಕೇಳುವವರಿಲ್ಲ.

ಇನ್ನು ಪ್ರಯಾಣದ ಮಾತು. ನಾನು ಹೊಟ್ಟೆಯಲ್ಲಿದ್ದಾಗ ನಮ್ಮವ್ವ ಮಾಡಿದ ಪ್ರಯಾಣವನ್ನು ಯಾವ ಕರಪತ್ರದಲ್ಲಿ ಬರೆದಿದ್ದಾರೆ? ಕಾಫಿ ಹಣ್ಣು ಬಿಡಿಸೋ ಕಾಲ. ನಮ್ಮ ಹಟ್ಟಿಯಿಂದ ಕೊಡಗಿಗೆ ಆಳು ತುಂಬಿಕೊಂಡು ಹೋಗೋ ಲಾರಿ. "ಏಳ್ ತಿಂಗ್ಳು ಕನಪ್ಪ. ಕೂರಕ್ಕೆ ಜಾಗ ಎಲ್ಲಿತ್ತು? ಹಗ್ಗ ಹಿಡ್ಕಂಡು ನಿಂತ್ಕಂಡೇ ಹೋದೊ. ಲಾರಿ ಎಗರ್ದಾಗೆಲ್ಲ ನೀನು ಒಳಗೇ ಒದೀತಿದ್ದೆ. ಇಳೀಬೇಕು ಅಂತಿದ್ಯೇನೋ!" ಅಂತ ಅವ್ವ ಈಗ ನಗುತ್ತಾಳೆ. ಸೊಂಟಕ್ಕೆ ಚೀಲ ಕಟ್ಟಿ, ಹೊಟ್ಟೆ ಒಂದು ಕಡೆ ಹಣ್ಣು ಒಂದು ಕಡೆ ಹೊತ್ತು, ಜಿಗಣೆ ಕಚ್ಚಿಸಿಕೊಂಡು ದುಡಿದವಳು. ನನ್ನ ಕಿವಿಗೆ ಬಿದ್ದ ಮೊದಲ ಶ್ಲೋಕ ಮೇಸ್ತ್ರಿಯ ಬೈಗುಳ.

1928ರಲ್ಲಿ ಮುಂಬಯಿ ಶಾಸನಸಭೆಗೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ, ದುಡಿಯುವ ಹೆಂಗಸಿಗೆ ಹೆರಿಗೆಗೆ ಮುಂಚೆಯೂ ಆಮೇಲೂ ವಿರಾಮ ಸಿಗುವುದು ದೇಶದ ಹಿತ ಎಂದು ಎದ್ದುನಿಂತು ವಾದಿಸಿದವರು ಬಾಬಾಸಾಹೇಬರು. ಮರುವರ್ಷ ಅದು ಕಾಯಿದೆಯಾಯಿತು. 1961ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. 2017ರಲ್ಲಿ ಸಂಬಳದ ರಜೆ 12 ವಾರದಿಂದ 26 ವಾರಕ್ಕೇರಿತು. ಒಳ್ಳೆಯದೇ. ಆದರೆ ಆ ರಜೆ ಬೇಕಾದರೆ ವರ್ಷದಲ್ಲಿ 80 ದಿನ ದುಡಿದ ಲೆಕ್ಕ ತೋರಿಸಬೇಕಿತ್ತು. ನಮ್ಮವ್ವನ ಲೆಕ್ಕ ಎಲ್ಲಿತ್ತು? ಮೇಸ್ತ್ರಿ ಜೇಬಿನ ಬೀಡಿ ಕಟ್ಟಿನ ಕಾಗದದ ಮೇಲೆ ಇದ್ದದ್ದು ಬರೀ 'ಹೆಣ್ಣಾಳು' ಅನ್ನೋ ಗೀಟು. ಗೀಟಿಗೆ ಬಸುರಾಗುತ್ತದೆಯೇ, ಹೆರಿಗೆಯಾಗುತ್ತದೆಯೇ?

ಆರನೇ ತಿಂಗಳಲ್ಲಿ ಹೆಂಡತಿಗೆ ಬಯಕೆಯಾಯಿತು. ಮಾವಿನಕಾಯಿಯಲ್ಲ, ಹುಣಸೆಹಣ್ಣಲ್ಲ. "ಮಹಾಡಿನ ಕೆರೆ ನೋಡ್ಬೇಕು" ಅಂದಳು. ನನ್ನ ಗಂಡಸು ಬುದ್ಧಿ, "ಈ ಹೊಟ್ಟೆ ಹೊತ್ಕೊಂಡಾ?" ಅಂದೆ. "ಹೊಟ್ಟೆ ನಂದು, ನಿಂದಲ್ಲ. ನಿಮ್ಮವ್ವ ಲಾರೀಲಿ ಹೋಗಿಲ್ವಾ?" ಅಂದಳು. ನರ್ಸಮ್ಮನನ್ನು ಕೇಳಿ, ತಾಯಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಮೈಸೂರಿನಿಂದ ಹೊರಟೆವು. ಮಂಗಳೂರಿನವರೆಗೆ ಬಸ್ಸಿನಲ್ಲಿ ಅವಳದು ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟು, ನನ್ನದು ದುಡ್ಡಿನ ಟಿಕೆಟು. ಅಲ್ಲಿಂದ ಕೊಂಕಣ ರೈಲು. ಸುರಂಗ ಬಂದಾಗಲೆಲ್ಲ ಮಗು ಮಿಸುಕಾಡುತ್ತದೆ ಅಂತ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಆ ರಾತ್ರಿ ಕವಿತೆ ಬರೆಯಬೇಕು ಅನ್ನಿಸಲಿಲ್ಲ ನನಗೆ.

ಮಹಾಡು ಸಣ್ಣ ಊರು. ಊರ ನಡುವೆ ಚವದಾರ್ ಕೆರೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಬಂದು ಇಳಿದು ಬೊಗಸೆ ನೀರು ಕುಡಿದ ಕೆರೆ. ದನ ಕುಡಿದಾಗ ಮೈಲಿಗೆಯಾಗದ ನೀರು ಮನುಷ್ಯರು ಕುಡಿದಾಗ ಮೈಲಿಗೆಯಾಯಿತು. ಕುಡಿದವರ ತಲೆ ಒಡೆದರು. ಆಮೇಲೆ 108 ಮಡಕೆಗಳಲ್ಲಿ ಸೆಗಣಿ, ಗಂಜಲ, ಹಾಲು, ಮೊಸರು ತುಂಬಿ ಕೆರೆಗೆ ಮುಳುಗಿಸಿ, ಮಂತ್ರ ಹೇಳಿ 'ಶುದ್ಧ' ಮಾಡಿದರು. ಇದಪ್ಪಾ ಸಂಸ್ಕಾರ! ಅದೇ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಕೆರೆಯ ನೀರು ನಮ್ಮದೂ ಹೌದು ಅಂತ ಹೈಕೋರ್ಟು ಹೇಳುವ ಹೊತ್ತಿಗೆ 1937.

ಬಸುರಿಗೆ ಕೆರೆ ನೀರು ಕುಡಿಸುವಷ್ಟು ದಡ್ಡರಲ್ಲ ನಾವು. ಅವಳು ಬಿ.ಎಸ್ಸಿ. ಮೆಟ್ಟಿಲಿಳಿದು, ಕಾಲು ನೆನೆಸಿ, ಒದ್ದೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಆ ಮಿಯಾಪುರದ ಮಗೂಗೂ ಎರಡೇ ವರ್ಷ ಅಲ್ವಾ?" ಅಂದಳು. ಕೊಪ್ಪಳ ಜಿಲ್ಲೆ, 2021ರ ಸೆಪ್ಟೆಂಬರ್. ಹುಟ್ಟುಹಬ್ಬದ ದಿನ ಹನುಮಂತನ ಗುಡಿಯ ಹೊರಗೇ ನಿಂತು ಕೈಮುಗಿಸಲು ಕರೆತಂದ ದಲಿತ ಮಗು ಒಳಗೆ ಓಡಿಬಿಟ್ಟಿತು. ಗುಡಿಯ ಶುದ್ಧಿಗೆ ಸಾವಿರಾರು ರೂಪಾಯಿ ತೆರು ಅಂದರು ಅಪ್ಪನಿಗೆ. ಪೊಲೀಸರು ಬಂದು ಹಿಡಿದದ್ದು ಆಮೇಲೆ. ಆ ಮಗುವಿನ ತಾಯಿ ಹೊಟ್ಟೆಯಲ್ಲಿದ್ದಾಗ ಯಾವ ಶ್ಲೋಕ ಕೇಳಿದ್ದರೆ ಅದು ಹೊಸ್ತಿಲಲ್ಲೇ ನಿಲ್ಲುತ್ತಿತ್ತು, ಹೇಳಿ ಪಂಡಿತರೇ? ಗುಡಿಯೊಳಗೆ ಓಡದ ಹಾಗೆ ಮಗುವನ್ನು ಬಸಿರಲ್ಲೇ ಹದ ಮಾಡುವುದಿದ್ದರೆ ಅಂಥ ಹದ ನಮಗೆ ಬೇಡ. ನಮ್ಮ ಮಗು ಓಡಲಿ.

ವಾಪಸು ಬಂದ ಮೇಲೆ ಮನೆ ಒಡತಿ ಅಕ್ಕರೆಯಿಂದಲೇ ಕೇಳಿದರು, "ಯಾವ ಕ್ಷೇತ್ರಕ್ಕೆ ಹೋಗಿದ್ರಿ? ತೀರ್ಥ ತಂದ್ರಾ?" ಹೆಂಡತಿ ಸಣ್ಣ ಬಾಟಲಿಯಲ್ಲಿ ಕೆರೆಯ ನೀರು ತಂದಿದ್ದಳು. ಒಡತಿ ಬಲಗೈ ಮುಂದೆ ಚಾಚಿದರು. ಹಾಕಿಬಿಡಬಹುದಿತ್ತು. ನಾನಾಗಿದ್ದರೆ ಹಾಕಿ ಒಳಗೊಳಗೇ ನಗುತ್ತಿದ್ದೆ. ಅವಳು ಹಾಕಲಿಲ್ಲ. "ಇದು ಮಹಾಡಿನ ಕೆರೆ ನೀರು, ಆಂಟಿ. ಅಂಬೇಡ್ಕರ್ ಕುಡಿದಿದ್ದು" ಅಂದಳು. ಚಾಚಿದ ಕೈ ಸೆರಗಿನೊಳಕ್ಕೆ ಹೋಯಿತು. ಅದರ ಮಾರನೇ ವಾರ, ಊರಿನಿಂದ ನಮ್ಮ ಅಳಿಯ ಬರ್ತಾರೆ, ಮುಂದಿನ ತಿಂಗಳು ಮನೆ ಖಾಲಿ ಮಾಡಿ ಅಂದರು.

ಈಗ ಎಂಟು ತಿಂಗಳು. ದಿನಾ ಸಂಜೆ ಇಬ್ಬರೂ 'ಬಾಡಿಗೆಗಿದೆ' ಬೋರ್ಡು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದೇವೆ. ಅವಳ ಕಾಲು ಊದಿಕೊಳ್ಳುತ್ತದೆ, ಅಲ್ಲಲ್ಲಿ ಜಗಲಿಯ ಮೇಲೆ ಕೂರುತ್ತಾಳೆ. ನಿನ್ನೆ ನೋಡಿದ ಮನೆಯವರು ಅವಳ ಹೊಟ್ಟೆ ನೋಡಿ, ಪಾಪ ಅಂತ ನೀರು ಕೊಟ್ಟು, ಆಮೇಲೆ "ನಾನ್‌ವೆಜ್ಜಾ?" ಅಂತ ಕೇಳಿದರು. ಅವಳು ನೀರು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಹೌದು" ಅಂದಳು.