ಗಣಿತದ ಮೇಷ್ಟ್ರನ್ನು ಒಂಟಿ ಮಾಡಿದ್ದು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಊರುಗಳಲ್ಲಿ ಕೇಳುವ ಮಾತು ಒಂದೇ: ‘ಗಣಿತ ಹೋಯ್ತು.’ ಮಗ ದಡ್ಡ ಅಂತ ಅಪ್ಪ ಬೈಯುತ್ತಾನೆ. ಮೇಷ್ಟ್ರು ಸರಿಯಿಲ್ಲ ಅಂತ ಊರು ಬೈಯುತ್ತದೆ. ಆ ಮೇಷ್ಟ್ರನ್ನು ತಯಾರು ಮಾಡಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ಸಲ ನಾವು ಕೇಳುತ್ತಿದ್ದೇವೆ.

ನಾವೆಲ್ಲ ಹಳ್ಳಿ ಶಾಲೆಯಲ್ಲಿ ಕಲಿತವರು. ಪತ್ರಿಕೋದ್ಯಮ ಓದಲು ಬಂದದ್ದು ಬರೆಯುವ ಆಸೆಯಿಂದ ಹೌದು, ಗಣಿತದಿಂದ ತಪ್ಪಿಸಿಕೊಳ್ಳಲಿಕ್ಕೂ ಹೌದು. ಮುಚ್ಚಿಡುವುದೇನು?

ಒಂದು ಲೆಕ್ಕ ಇನ್ನೂ ನೆನಪಿದೆ. ಅರ್ಧವನ್ನು ಕಾಲರಿಂದ ಭಾಗಿಸಬೇಕು. ‘ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು’ ಅಂದರು ಮೇಷ್ಟ್ರು. ಉತ್ತರ ಎರಡು ಬಂತು. ಭಾಗ ಮಾಡಿದರೆ ಕಡಿಮೆಯಾಗಬೇಕಲ್ಲ, ಹೆಚ್ಚಾಗಿದ್ದು ಯಾಕೆ ಸಾರ್ ಅಂತ ನಮ್ಮ ಗೆಳತಿಯೊಬ್ಬಳು ಕೇಳಿದಳು. ‘ನಿಯಮ ಹಾಗಿದೆ, ಕೂತ್ಕೋ’ ಅಂದರು. ಕೂತಳು. ಆಮೇಲೆ ಗಣಿತದ ತರಗತಿಯಲ್ಲಿ ಪ್ರಶ್ನೆ ಕೇಳಲು ಅವಳು ಎದ್ದು ನಿಲ್ಲಲೇ ಇಲ್ಲ.

ಅದೇ ಹುಡುಗಿಯ ಅಜ್ಜಿ ಮನೆಯಲ್ಲಿ ರಾಗಿ ಅಳೆಯುತ್ತಿದ್ದರು. ಸೇರಿಗೆ ನಾಲ್ಕು ಪಾವು. ಅರ್ಧ ಸೇರು ಅಂದರೆ ಅಚ್ಚೇರು. ಅಚ್ಚೇರಿನಲ್ಲಿ ಎಷ್ಟು ಪಾವು? ಎರಡು. ಅರ್ಧವನ್ನು ಕಾಲರಿಂದ ಭಾಗಿಸುವುದು ಅಂದರೆ ಇಷ್ಟೇ, ಅರ್ಧದೊಳಗೆ ಎಷ್ಟು ಕಾಲು ಇವೆ ಅಂತ ಎಣಿಸುವುದು. ಓದು ಬಾರದ ಅಜ್ಜಿಗೆ ಗೊತ್ತಿದ್ದ ಸಂಗತಿ ಮೇಷ್ಟ್ರಿಗೆ ಹೊಳೆಯಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೂ ಯಾರೋ ‘ನಿಯಮ ಹಾಗಿದೆ’ ಅಂತಲೇ ಹೇಳಿಕೊಟ್ಟಿದ್ದರು.

ತಯಾರಿ ಹೇಗಿದೆ ನೋಡಿ. ಒಂದರಿಂದ ಐದನೇ ತರಗತಿಗೆ ಕಲಿಸಲು ಪಿಯುಸಿ ಮುಗಿಸಿ ಡಿ.ಎಲ್.ಎಡ್ ಮಾಡಬೇಕು, ನಮ್ಮ ಅಪ್ಪಂದಿರ ಕಾಲದ ಟಿಸಿಎಚ್ ಇದ್ದ ಹಾಗೆ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಕಲಾ ವಿಭಾಗ ಓದಿದ ಎಷ್ಟೋ ಜನ ಗಣಿತದ ಪುಸ್ತಕ ಮುಚ್ಚಿದ್ದು ಹತ್ತನೇ ತರಗತಿಯಲ್ಲೇ. ನಾಳೆ ನಿಮ್ಮ ಮಗುವಿಗೆ ಭಿನ್ನರಾಶಿ ಕಲಿಸಬೇಕಾದವರು ಅವರೇ. ಪ್ರೌಢಶಾಲೆಗೆ ಬಿ.ಎಡ್ ಬೇಕು. 2015ರಿಂದ ಅದು ಎರಡು ವರ್ಷದ ಕೋರ್ಸ್. ವರ್ಷ ಹೆಚ್ಚಾಯಿತು, ಸರಿ. ಹಳ್ಳಿ ಶಾಲೆಯ ಅನುಭವಿ ಮೇಷ್ಟ್ರ ಪಕ್ಕದಲ್ಲಿ ಕೂತು ಕಲಿಯುವ ದಿನಗಳು ಎಷ್ಟು ಹೆಚ್ಚಾದವು?

ಕೆಲಸಕ್ಕೆ ಸೇರಿದ ಮೇಲಿನ ತರಬೇತಿಯ ತಲೆಬಾಗಿಲು ಬೆಂಗಳೂರಿನಲ್ಲಿದೆ, ಬನಶಂಕರಿ ಮೂರನೇ ಹಂತದ ಡಿಎಸ್‌ಇಆರ್‌ಟಿ ಕಚೇರಿಯಲ್ಲಿ. ಅಲ್ಲಿಂದ ಜಿಲ್ಲೆಯ ಡಯಟ್‌ಗೆ, ಡಯಟ್‌ನಿಂದ ಬ್ಲಾಕ್‌ಗೆ, ಬ್ಲಾಕ್‌ನಿಂದ ಕ್ಲಸ್ಟರ್‌ಗೆ. ನಾಲೆಯ ನೀರಿನ ಹಾಗೆ. ನಾಲೆಯ ಕೊನೆಯ ಗದ್ದೆಗೆ ಎಷ್ಟು ನೀರು ಮುಟ್ಟುತ್ತದೆ ಅಂತ ನಿಮಗೆ ನಾವು ಹೇಳಬೇಕೇ? ಇನ್ನೊಂದು ಮಾತೂ ಇದೆ. ನಾಲೆಯಲ್ಲಿ ನೀರು ಮೇಲಕ್ಕೆ ಹರಿಯುವುದಿಲ್ಲ. ‘ನನ್ನ ಮಕ್ಕಳು ಇಲ್ಲಿ ಎಡವುತ್ತಿದ್ದಾರೆ’ ಅನ್ನುವ ಮೇಷ್ಟ್ರ ಮಾತು ಬನಶಂಕರಿ ತಲುಪಬೇಕಾದರೆ ಯಾವ ದಾರಿ ಹಿಡಿಯಬೇಕು?

ಎಲ್ಲರೂ ಕೂಡಿ ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡು ತಯಾರಿಸಿದರು. ಅದೇ ನಲಿ-ಕಲಿ. ಒಂದು ತಾಲ್ಲೂಕಿನಲ್ಲಿ ಹುಟ್ಟಿದ್ದು ರಾಜ್ಯಕ್ಕೆಲ್ಲ ಹಬ್ಬಿತು. 2011ರಲ್ಲಿ ವಿಷಯ ಶಿಕ್ಷಕರ ವೇದಿಕೆ ಶುರುವಾಯಿತು. ಡಿಎಸ್‌ಇಆರ್‌ಟಿ ಜೊತೆ ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆ ಕೈ ಜೋಡಿಸಿತ್ತು. ಪ್ರೌಢಶಾಲೆಯ ಗಣಿತ ಮೇಷ್ಟ್ರುಗಳು ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಕಲಿತರು, ಪಾಠಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ ನಾಲ್ಕು, ಐದನೇ ತರಗತಿಗೆ ಬಂತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳೂ ನಡೆದವು.

ಇವೆಲ್ಲ ಒಳ್ಳೆಯ ಕೆಲಸಗಳೇ. ನಮ್ಮ ತಕರಾರು ಬೇರೆ. ಯೋಜನೆ ಬರುತ್ತದೆ, ಹೋಗುತ್ತದೆ, ಮೇಷ್ಟ್ರು ಅಲ್ಲೇ ಉಳಿಯುತ್ತಾರೆ, ಒಬ್ಬರೇ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಿಟ್ ಯಾರಿಗೂ ಗಣಿತ ಕಲಿಸುವುದಿಲ್ಲ. ಅದನ್ನು ತೆಗೆದು, ‘ನಿನ್ನೆ ನನ್ನ ತರಗತಿಯಲ್ಲಿ ಹೀಗಾಯ್ತು’ ಅಂತ ಇನ್ನೊಬ್ಬ ಮೇಷ್ಟ್ರ ಹತ್ತಿರ ಮಾತಾಡಿದರೆ ಮಾತ್ರ ಪಾಠ ಸುಧಾರಿಸುತ್ತದೆ.

ದಕ್ಷಿಣ ಬೆಂಗಳೂರಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಬನಶಂಕರಿಯಲ್ಲಿ ಡಿಎಸ್‌ಇಆರ್‌ಟಿ, ಜಯನಗರದಲ್ಲಿ ಆರ್.ವಿ. ಶಿಕ್ಷಕರ ಕಾಲೇಜು, ಸುತ್ತಮುತ್ತ ಶಿಕ್ಷಣದ ಸಂಸ್ಥೆಗಳು, ಎಲ್ಲ ಕೆಲವೇ ಕಿಲೋಮೀಟರ್ ಒಳಗೆ. ಇವರೆಲ್ಲ ಒಂದು ಮೇಜಿನ ಸುತ್ತ ಕೂರುವುದು ಕಷ್ಟವಲ್ಲ. ಆ ಮೇಜಿಗೆ ಸಿಂಧನೂರಿನ, ಪಾವಗಡದ, ಹನೂರಿನ ಮೇಷ್ಟ್ರನ್ನು ಕರೆದು, ಅವರು ಹೇಳುವುದನ್ನು ಬರೆದುಕೊಳ್ಳುವುದೇ ಕಷ್ಟ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಬೇಕು ಅನ್ನುತ್ತದೆ. ಆ 50 ಗಂಟೆಯಲ್ಲಿ ಮೇಷ್ಟ್ರು ಬಾಯಿ ಬಿಡುವುದು ಎಷ್ಟು ಗಂಟೆ?

‘ಮೇಷ್ಟ್ರಿಗೆ ಪುರುಸೊತ್ತೆಲ್ಲಿದೆ? ಸಮೀಕ್ಷೆ, ಚುನಾವಣೆ, ಬಿಸಿಯೂಟ, ಮೊಟ್ಟೆ ಲೆಕ್ಕ’ ಅನ್ನುವವರಿದ್ದಾರೆ. ಒಪ್ಪುತ್ತೇವೆ. ಅದಕ್ಕೇ ಹೊಸ ಸಭೆ ಕೇಳುತ್ತಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆ ಈಗಾಗಲೇ ಇದೆ. ಅದರಲ್ಲಿ ಅಂಕಿಅಂಶ ತುಂಬಿಸುವ ಹೊತ್ತನ್ನು ಕಡಿಮೆ ಮಾಡಿ, ತಿಂಗಳಿಗೆ ಎರಡು ಗಂಟೆ ಒಂದೇ ಒಂದು ಲೆಕ್ಕದ ಮೇಲೆ ಮಾತಾಡಲಿ. ಮಕ್ಕಳು ತಪ್ಪು ಮಾಡಿದ ನೋಟ್‌ಬುಕ್ ಎದುರಿಗಿರಲಿ. ಡಯಟ್‌ನವರು, ಬಿ.ಎಡ್ ಕಾಲೇಜಿನ ಮೇಷ್ಟ್ರು, ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಬಂದು ಜೊತೆಯಲ್ಲಿ ಕೂರಲಿ. ಅಲ್ಲಿ ಎದ್ದ ಪ್ರಶ್ನೆಯೇ ಬನಶಂಕರಿಯ ಮುಂದಿನ ತರಬೇತಿಯ ಮೊದಲ ಪುಟವಾಗಲಿ.

ನೀವೂ ಸುಮ್ಮನೆ ಕೂರಬೇಡಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಶೌಚಾಲಯದ ಮಾತು ಮುಗಿದ ಮೇಲೆ ಇದೊಂದನ್ನು ಕೇಳಿ: ‘ಗಣಿತದ ಮೇಷ್ಟ್ರೇ, ನಿಮಗೆ ಏನಾದರೂ ತೊಡಕಾದರೆ ನೀವು ಯಾರನ್ನು ಕೇಳುತ್ತೀರಿ?’ ಅವರ ಹತ್ತಿರ ಉತ್ತರ ಇಲ್ಲದಿದ್ದರೆ ಅವರನ್ನು ಬೈಯಬೇಡಿ. ಅದೇ ಪ್ರಶ್ನೆಯನ್ನು ಬರೆದು, ಎಲ್ಲರೂ ಸಹಿ ಹಾಕಿ, ಬಿಇಒ ಕಚೇರಿಗೆ ಕೊಟ್ಟು ಬನ್ನಿ.