ಹಳೆಯ ಸ್ಪೋರ್ಟ್ಸ್ ಕಾರು, ಹೊಸ ಮಾಲೀಕ: ವಾರಂಟಿಯ ಕೀಲಿಕೈ ಯಾರ ಬಳಿ?

ಬೆಂಗಳೂರು: ವಾರಂಟಿ ಅವಧಿ ಮುಗಿಯದ ಸ್ಪೋರ್ಟ್ಸ್ ಕಾರೊಂದನ್ನು ಮೊದಲ ಮಾಲೀಕನಿಂದ ಖರೀದಿಸಿದವರು ಅದನ್ನು ಕಂಪೆನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೇ ಒಯ್ಯಬೇಕೇ? ನುರಿತ ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಿಸಿದರೆ ಉಳಿದ ವಾರಂಟಿ ರದ್ದಾಗುವುದೇ? ಐಷಾರಾಮಿ ಕಾರುಗಳ ಮರುಮಾರಾಟ ನಗರಗಳಲ್ಲಿ ಸಾಮಾನ್ಯವಾಗುತ್ತಿರುವ ಈ ದಿನಗಳಲ್ಲಿ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತಿವೆ.

ಮೇಲ್ನೋಟಕ್ಕೆ ಇದು ಸಿರಿವಂತರ ಚಿಂತೆ. ಆದರೆ ಸಣ್ಣ ಕಾರಿನ ವಾರಂಟಿ ಪುಸ್ತಿಕೆಯಲ್ಲಿಯೂ ಹೆಚ್ಚುಕಡಿಮೆ ಇದೇ ಬಗೆಯ ಷರತ್ತುಗಳಿರುತ್ತವೆ. ಸ್ಪೋರ್ಟ್ಸ್ ಕಾರಿನಲ್ಲಿ ಬಿಲ್ಲಿನ ಮೊತ್ತ ದೊಡ್ಡದಾದ್ದರಿಂದ ಸಮಸ್ಯೆ ಎದ್ದು ಕಾಣುತ್ತದೆ, ಅಷ್ಟೆ. ಗೇರ್‌ಬಾಕ್ಸ್ ಕೆಟ್ಟು ವಾರಂಟಿ ನಿರಾಕರಣೆಯಾದರೆ ಆ ಒಂದು ದುರಸ್ತಿಯ ಖರ್ಚಿನಲ್ಲಿ ಮತ್ತೊಂದು ಸಾಧಾರಣ ಕಾರನ್ನೇ ಕೊಳ್ಳುವಂತಾಗಬಹುದು.

ವಾರಂಟಿ ಕಾರಿಗೋ, ಮಾಲೀಕನಿಗೋ?

ತಯಾರಕರು ಹೊಸ ಕಾರಿಗೆ ನೀಡುವ ಮೂಲ ವಾರಂಟಿ ಸಾಮಾನ್ಯವಾಗಿ ವಾಹನಕ್ಕೆ ಅಂಟಿಕೊಂಡಿರುತ್ತದೆ. ಮಾಲೀಕ ಬದಲಾದರೂ ಉಳಿದ ಅವಧಿ ಮುಂದುವರಿಯುತ್ತದೆ. ಫೆರಾರಿ ಕಂಪೆನಿ ತನ್ನ ಹೊಸ ಕಾರುಗಳಿಗೆ ನೀಡುವ ಏಳು ವರ್ಷಗಳ ನಿಯಮಿತ ನಿರ್ವಹಣಾ ಯೋಜನೆಯೂ ಕಾರು ಕೈಬದಲಾದಾಗ ಹೊಸ ಮಾಲೀಕನಿಗೆ ವರ್ಗವಾಗುತ್ತದೆ.

ಆದರೆ ಎಲ್ಲ ವಾರಂಟಿಗಳೂ ಒಂದೇ ಅಲ್ಲ. ಹಣ ತೆತ್ತು ಪಡೆಯುವ ವಿಸ್ತರಿತ ವಾರಂಟಿ ಪ್ರತ್ಯೇಕ ಒಪ್ಪಂದ. ಅದರ ವರ್ಗಾವಣೆಗೆ ಅರ್ಜಿ, ಶುಲ್ಕ, ಗಡುವು ಇರಬಹುದು. ಕಂಪೆನಿಯೇ ಪರೀಕ್ಷಿಸಿ ಮಾರುವ ಹಳೆಯ ಕಾರಿನ ವಾರಂಟಿ ಇನ್ನೊಂದು ಬಗೆಯದು. ಪೋರ್ಷೆ ಕಂಪೆನಿ ಇಂಥ ಕಾರುಗಳನ್ನು 111 ಅಂಶಗಳ ತಪಾಸಣೆಗೆ ಒಳಪಡಿಸುತ್ತದೆ. ಬಳಸಿದ ಕಾರುಗಳ ವ್ಯಾಪಾರಿ ತನ್ನ ಹೆಸರಿನಲ್ಲಿ ಕೊಡುವ ವಾರಂಟಿ ಮೂರನೆಯದು. ತಯಾರಕರಿಗೂ ಅದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ‘ವಾರಂಟಿ ಇದೆ’ ಎಂಬ ಮಾರಾಟಗಾರನ ಮಾತು ಈ ಪೈಕಿ ಯಾವುದನ್ನು ಸೂಚಿಸುತ್ತದೆ ಎಂಬುದನ್ನು ತಿಳಿಯದೆ ಮುಂಗಡ ಕೊಡುವುದು ಅಪಾಯಕಾರಿ.

ಸ್ಪರ್ಧಾ ಆಯೋಗ ಹೇಳಿದ್ದೇನು?

ಹೊರಗಿನ ಗ್ಯಾರೇಜಿನಲ್ಲಿ ಸರ್ವೀಸ್ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತಿಗೆ ಭಾರತದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 2014ರ ಆಗಸ್ಟ್ 25ರಂದು. 2011ರಲ್ಲಿ ಗ್ರಾಹಕರೊಬ್ಬರು ಸಲ್ಲಿಸಿದ್ದ ದೂರಿನ ವಿಚಾರಣೆ ಪೂರೈಸಿದ ಭಾರತೀಯ ಸ್ಪರ್ಧಾ ಆಯೋಗವು ಅಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಮಾರುತಿ, ಟಾಟಾ, ಮಹೀಂದ್ರಾಗಳ ಜೊತೆಗೆ ಬಿಎಂಡಬ್ಲ್ಯು, ಮರ್ಸಿಡಿಸ್, ಫೋಕ್ಸ್‌ವ್ಯಾಗನ್ ಹಾಗೂ ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ ಟೊಯೊಟಾ ಕೂಡ ಆ ಪಟ್ಟಿಯಲ್ಲಿದ್ದವು.

ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಅಧಿಕೃತ ಜಾಲದ ಹೊರಗೆ ಸಿಗದಂತೆ ತಡೆದು ಈ ಕಂಪೆನಿಗಳು ಗ್ರಾಹಕರ ಆಯ್ಕೆಯನ್ನು ಕಸಿದುಕೊಂಡಿವೆ ಎಂಬುದು ಆಯೋಗದ ತೀರ್ಮಾನ. ಸ್ವತಂತ್ರ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸುವ ಷರತ್ತು ಹಾಕಕೂಡದು. ಹೊರಗೆ ನಡೆದ ದೋಷಪೂರ್ಣ ಕೆಲಸದಿಂದ ಹಾನಿ ಆಗಿದ್ದರೆ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಅದು ಸ್ಪಷ್ಟಪಡಿಸಿತು. ಅಂದರೆ ಹೊರಗೆ ಬ್ರೇಕ್ ಪ್ಯಾಡ್ ಹಾಕಿಸಿದ ಕಾರಣಕ್ಕೆ ಎ.ಸಿ. ಕಂಪ್ರೆಸರ್‌ನ ವಾರಂಟಿ ನಿರಾಕರಿಸುವುದು ಈ ತತ್ವಕ್ಕೆ ವಿರುದ್ಧ.

ಕಂಪೆನಿಗಳು ಸುಮ್ಮನಿರಲಿಲ್ಲ. ಟೊಯೊಟಾ, ಫೋರ್ಡ್ ಮತ್ತು ನಿಸಾನ್ ಸಲ್ಲಿಸಿದ್ದ ಮೇಲ್ಮನವಿಗಳಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ಆಯೋಗದ ನಿಲುವನ್ನು ಎತ್ತಿಹಿಡಿದು, ದಂಡದ ಮೊತ್ತವನ್ನಷ್ಟೇ ತಗ್ಗಿಸಿತು. ಉಳಿದ ಕಂಪೆನಿಗಳ ಪೈಕಿ ಹಲವು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಫೆರಾರಿ, ಲ್ಯಾಂಬೋರ್ಗಿನಿ, ಪೋರ್ಷೆಗಳು ದಂಡಕ್ಕೊಳಗಾದ ಆ 14ರ ಪಟ್ಟಿಯಲ್ಲಿ ಇರಲೇ ಇಲ್ಲ ಎಂಬುದೂ ಗಮನಾರ್ಹ.

ಹೊರದೇಶಗಳಲ್ಲಿ

ಅಮೆರಿಕದಲ್ಲಿ 1975ರಷ್ಟು ಹಿಂದೆಯೇ ಜಾರಿಗೆ ಬಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ತನ್ನದೇ ಬ್ರಾಂಡಿನ ಬಿಡಿಭಾಗ ಅಥವಾ ಸೇವೆಯನ್ನು ಉಚಿತವಾಗಿ ಕೊಡದ ಕಂಪೆನಿ ಅದನ್ನೇ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. 2022ರ ಜೂನ್‌ನಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು ಇದೇ ಕಾರಣಕ್ಕೆ ಹಾರ್ಲೆ-ಡೇವಿಡ್‌ಸನ್ ಬೈಕ್ ಕಂಪೆನಿಯ ವಿರುದ್ಧ ಕ್ರಮ ಕೈಗೊಂಡು ವಾರಂಟಿಯ ಪಾಠವನ್ನೇ ತಿದ್ದಿಸಿತು. ಐರೋಪ್ಯ ಒಕ್ಕೂಟದಲ್ಲಿಯೂ 2002ರಿಂದ ಜಾರಿಯಲ್ಲಿದ್ದ ಮೋಟಾರು ವಾಹನ ನಿಯಮಗಳನ್ನು 2010ರಲ್ಲಿ ಪರಿಷ್ಕರಿಸಿ ಸ್ವತಂತ್ರ ಗ್ಯಾರೇಜುಗಳಿಗೆ ರಕ್ಷಣೆ ನೀಡಲಾಯಿತು. 2023ರಲ್ಲಿ ಅವುಗಳ ಅವಧಿಯನ್ನು 2028ರ ಮೇ ತಿಂಗಳವರೆಗೆ ವಿಸ್ತರಿಸಲಾಗಿದೆ.

ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್ 24ರಂದು ಪೋರ್ಟಲ್ ಆರಂಭಿಸಿತು. ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಅದು ಮಾಹಿತಿಯ ವೇದಿಕೆಯೇ ಹೊರತು ಕಂಪೆನಿಗಳನ್ನು ಕಟ್ಟಿಹಾಕುವ ಕಾಯ್ದೆಯಲ್ಲ.

ಸಾಕ್ಷ್ಯ ಯಾರ ಕೈಯಲ್ಲಿ?

ನಿಜವಾದ ತೊಡಕು ಇರುವುದು ಇಲ್ಲಿ. ಹಾನಿಗೆ ಹೊರಗಿನ ಕೆಲಸವೇ ಕಾರಣವೆಂದು ತೋರಿಸಬೇಕಾದ್ದು ನ್ಯಾಯವಾಗಿ ಕಂಪೆನಿಯ ಹೊಣೆ. ಆದರೆ ಅದನ್ನು ಪರೀಕ್ಷಿಸುವ ಉಪಕರಣ, ಸಾಫ್ಟ್‌ವೇರ್, ಹಿಂದಿನ ಸರ್ವೀಸ್ ದಾಖಲೆ ಎಲ್ಲವೂ ಕಂಪೆನಿಯ ವಶದಲ್ಲಿಯೇ ಇರುತ್ತವೆ. ಆನೆಯನ್ನು ಮಾರಿ ಅಂಕುಶವನ್ನು ತನ್ನಲ್ಲೇ ಉಳಿಸಿಕೊಂಡ ಸ್ಥಿತಿ ಇದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಧಾರಣ ಕಾರಿನ ಬಿಡಿಭಾಗ ಹುಡುಕಿ ತರಬಹುದು. ಸ್ಪೋರ್ಟ್ಸ್ ಕಾರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬದಲಿಸಿದ ಮೇಲೆ ಅದನ್ನು ಕಂಪ್ಯೂಟರಿಗೆ ಹೊಂದಿಸಲು ತಯಾರಕರದೇ ಸಾಫ್ಟ್‌ವೇರ್ ಬೇಕಾಗುತ್ತದೆ.

ಇಂದಿನ ಕಾರು ತನ್ನ ಚರಿತ್ರೆಯನ್ನು ತಾನೇ ಬರೆದಿಡುತ್ತದೆ ಎಂಬುದನ್ನೂ ಖರೀದಿದಾರರು ಮರೆಯಬಾರದು. ಪೋರ್ಷೆ ಕಾರುಗಳಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ಸಂದರ್ಭಗಳು ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಶಕ್ತಿ ಹೆಚ್ಚಿಸಲು ಸಾಫ್ಟ್‌ವೇರ್ ತಿದ್ದಿದ್ದರೆ ಅಧಿಕೃತ ಕೇಂದ್ರದ ಉಪಕರಣ ಅದನ್ನು ಪತ್ತೆಹಚ್ಚಿ ಗುರುತು ಹಾಕಬಲ್ಲದು. ರೇಸ್ ಟ್ರ್ಯಾಕ್‌ನಲ್ಲಿ ಸ್ಪರ್ಧೆಗೆ ಬಳಸಿದ ಕಾರನ್ನು ಬಹುತೇಕ ವಾರಂಟಿಗಳು ಹೊರಗಿಡುತ್ತವೆ. ಹೀಗೆ ಮೊದಲ ಮಾಲೀಕ ಮಾಡಿದ ಸಾಹಸದ ಫಲವನ್ನು ಎರಡನೆಯವನು ಉಣ್ಣಬೇಕಾಗುತ್ತದೆ.

ಕಂಪೆನಿಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ತಪ್ಪು ದರ್ಜೆಯ ಆಯಿಲ್ ಅಥವಾ ಅರೆಬರೆ ತರಬೇತಿ ಪಡೆದ ಮೆಕ್ಯಾನಿಕ್‌ನ ಕೈಚಳಕದಿಂದ ಕೆಟ್ಟ ಎಂಜಿನ್ನಿಗೆ ತಯಾರಕರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಓಡಬಲ್ಲ ವಾಹನದ ಬ್ರೇಕ್ ಕೆಲಸದಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. ಆದರೆ ಅದಕ್ಕೆ ಪರಿಹಾರ ಬಿಡಿಭಾಗ, ಕೈಪಿಡಿ ಮತ್ತು ತರಬೇತಿಯನ್ನು ಹೊರಗಿನವರಿಗೂ ಒದಗಿಸುವುದೇ ಹೊರತು ಬಾಗಿಲು ಮುಚ್ಚುವುದಲ್ಲ.

ಗ್ರಾಹಕ ಆಯೋಗದ ದಾರಿ

ವಾರಂಟಿ ನಿರಾಕರಣೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೆರವಿಗಿದೆ. 2021ರ ಡಿಸೆಂಬರ್‌ನ ನಿಯಮಗಳಂತೆ, ಪಾವತಿಸಿದ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ, ಅದನ್ನೂ ಮೀರಿದರೆ ದೆಹಲಿಯ ರಾಷ್ಟ್ರೀಯ ಆಯೋಗದಲ್ಲಿ ದೂರು ಸಲ್ಲಿಸಬೇಕು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ.

ದುಬಾರಿ ಕಾರುಗಳನ್ನು ಕಂಪೆನಿಯ ಹೆಸರಿನಲ್ಲಿ ಕೊಳ್ಳುವ ರೂಢಿಯಿದೆ. ‘ವಾಣಿಜ್ಯ ಉದ್ದೇಶದ ಖರೀದಿ, ಆದ್ದರಿಂದ ಗ್ರಾಹಕರಲ್ಲ’ ಎಂಬ ಆಕ್ಷೇಪ ಇಂಥ ಕಡೆ ಸಹಜವಾಗಿ ಏಳುತ್ತದೆ. ಮರ್ಸಿಡಿಸ್ ಕಾರಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಈ ಆಕ್ಷೇಪವನ್ನು ತಿರಸ್ಕರಿಸಿದೆ. ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರು, ಲಾಭ ಗಳಿಕೆಯ ಚಟುವಟಿಕೆಯೊಂದಿಗೆ ನೇರ ನಂಟಿಲ್ಲದಿದ್ದರೆ, ವಾಣಿಜ್ಯ ಉದ್ದೇಶದ್ದೆನಿಸದು.

ಕಾಗದವೇ ರಕ್ಷಾಕವಚ

ವ್ಯಾಜ್ಯಕ್ಕಿಂತ ಮುನ್ನೆಚ್ಚರಿಕೆ ಅಗ್ಗ. ಖರೀದಿಗೆ ಮುನ್ನ ಷಾಸಿ ಸಂಖ್ಯೆ ನೀಡಿ ಉಳಿದ ವಾರಂಟಿ ಎಷ್ಟು, ಹಿಂದಿನ ಸರ್ವೀಸುಗಳು ಯಾವ ದಿನ, ಎಷ್ಟು ಕಿಲೋಮೀಟರಿಗೆ ನಡೆದಿವೆ ಎಂಬುದನ್ನು ಅಧಿಕೃತ ಕೇಂದ್ರದಿಂದ ಲಿಖಿತವಾಗಿ ಪಡೆಯಬೇಕು. ಹಿಂದಿನ ಮಾಲೀಕನ ಒಪ್ಪಿಗೆ ಪತ್ರವಿದ್ದರೆ ಕೆಲಸ ಸಲೀಸು.

ಹೆಚ್ಚಿನವರು ಎಡವುವುದು ಅವಧಿಯ ವಿಷಯದಲ್ಲಿ. ಕಾರು ವರ್ಷವಿಡೀ ಹೊದಿಕೆಯಡಿ ನಿಂತು ಸಾವಿರ ಕಿಲೋಮೀಟರ್ ಕೂಡ ಓಡದಿರಬಹುದು. ಆದರೆ ಸರ್ವೀಸಿನ ಗಡುವು ಕಿಲೋಮೀಟರ್ ಅಥವಾ ಕಾಲ, ಯಾವುದು ಮೊದಲೋ ಅದು. ಬ್ರೇಕ್ ಆಯಿಲ್ ನಿಂತಲ್ಲಿಯೇ ತೇವಾಂಶ ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಓಡಿಲ್ಲವೆಂಬ ನೆಪದಲ್ಲಿ ಒಂದು ಸರ್ವೀಸ್ ತಪ್ಪಿಸಿದರೂ ಮುಂದೆ ಅದೇ ನಿರಾಕರಣೆಗೆ ದಾರಿಯಾಗಬಹುದು.

ಹೊರಗಿನ ಗ್ಯಾರೇಜನ್ನೇ ಆರಿಸಿಕೊಂಡರೆ ಬಳಸಿದ ಆಯಿಲ್‌ನ ದರ್ಜೆ, ಬಿಡಿಭಾಗದ ಸಂಖ್ಯೆ, ದಿನಾಂಕ, ಕಿಲೋಮೀಟರ್ ನಮೂದಿಸಿದ ಜಿ.ಎಸ್.ಟಿ. ಬಿಲ್ ಇರಲೇಬೇಕು. ಬಿಳಿ ಹಾಳೆಯ ಚೀಟಿ ಆಯೋಗದ ಮುಂದೆ ದುರ್ಬಲ ಸಾಕ್ಷ್ಯ. ವಿಸ್ತರಿತ ವಾರಂಟಿಯ ಒಪ್ಪಂದದಲ್ಲಿ ಅಧಿಕೃತ ಕೇಂದ್ರದ ಷರತ್ತಿದ್ದರೆ ಅವಧಿ ಮುಗಿಯುವವರೆಗೆ ಅದನ್ನು ಪಾಲಿಸುವುದೇ ಜಾಣತನ. ವಾರಂಟಿ ನಿರಾಕರಿಸಿದಾಗ ಬಾಯಿಮಾತಿನ ಉತ್ತರಕ್ಕೆ ಒಪ್ಪದೆ, ಕಾರಣವನ್ನೂ ತಪಾಸಣಾ ವರದಿಯನ್ನೂ ಲಿಖಿತವಾಗಿ ಕೇಳಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರಬಹುದು.

2014ರ ಆದೇಶ ಗ್ರಾಹಕನಿಗೆ ತತ್ವವನ್ನು ಕೊಟ್ಟಿತು. ಅದನ್ನು ಬಳಸುವ ಸಾಧನ ಕೊಡಲಿಲ್ಲ. ಕಾರಿನೊಳಗಿನ ದಾಖಲೆಯನ್ನು ಓದುವ ಹಕ್ಕು ಅದರ ಮಾಲೀಕನಿಗೆ ಕಾಯ್ದೆಯ ಮೂಲಕ ದೊರೆಯುವವರೆಗೆ ವಾರಂಟಿ ಪುಸ್ತಿಕೆಯ ಅರ್ಥವನ್ನು ಕಂಪೆನಿಯೇ ಹೇಳುತ್ತಿರುತ್ತದೆ. ಆ ಮಾತು ಕೋಟಿ ಬೆಲೆಯ ಕಾರಿಗೆ ಎಷ್ಟು ಅನ್ವಯಿಸುತ್ತದೋ ಸಾಲ ಮಾಡಿ ಕೊಂಡ ಸಣ್ಣ ಕಾರಿಗೂ ಅಷ್ಟೇ ಅನ್ವಯಿಸುತ್ತದೆ.