ಲ್ಯಾಬಿನ ಬಾಗಿಲು ತಟ್ಟಿ, ಕನ್ನಡದ ಮಕ್ಕಳೇ!

ಕನ್ನಡದ ತರುಣ ತರುಣಿಯರೇ,

ಅಂಗಡಿ ಬೋರ್ಡು ಕನ್ನಡದಲ್ಲಿರಲಿ ಎಂದು ಬೀದಿಗಿಳಿದಿದ್ದೇವೆ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ಕಾರ್ಖಾನೆ ಗೇಟುಗಳ ಮುಂದೆ ಗಂಟಲು ಹರಿದುಕೊಂಡಿದ್ದೇವೆ. ಕೂಗಬೇಕಾದದ್ದೇ. ಆದರೆ ನಂಜನಗೂಡು, ಟಿ. ನರಸೀಪುರದ ಕನ್ನಡ ಮಾಧ್ಯಮದ ಮಕ್ಕಳು ಮಾನಸಗಂಗೋತ್ರಿಯ ಜೀವವಿಜ್ಞಾನ ಲ್ಯಾಬುಗಳಿಗೆ ಹೋಗಲು ದಾರಿ ಬೇಕೆಂದು ಎಷ್ಟು ಕರಪತ್ರ ಹಂಚಿದ್ದೇವೆ? ಎಷ್ಟು ಧರಣಿ ಕೂತಿದ್ದೇವೆ? ಗೇಟಿನ ಕೆಲಸ ನಮಗೆ, ಲ್ಯಾಬಿನ ಕುರ್ಚಿ ಬೇರೆಯವರಿಗೆ ಎಂದು ನಾವೇ ಒಪ್ಪಿಕೊಂಡುಬಿಟ್ಟೆವೇ?

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ನರಸೀಪುರದಿಂದ 30ರ ಆಸುಪಾಸು. ಬಸ್ಸಿಗೆ ಇದೇನು ದೂರವಲ್ಲ. ದೂರವಾಗಿರುವುದು ಭಯದಿಂದ. ಹತ್ತನೇ ತರಗತಿವರೆಗೆ ಜೀವಕೋಶ, ವರ್ಣತಂತು, ದ್ಯುತಿಸಂಶ್ಲೇಷಣೆ ಎಂದು ಓದಿ ಅರ್ಥ ಮಾಡಿಕೊಂಡ ಹುಡುಗಿ, ಪಿಯುಸಿಯ ಮೊದಲ ವಾರ ಸೆಲ್, ಕ್ರೋಮೋಸೋಮ್, ಫೋಟೋಸಿಂಥೆಸಿಸ್ ಕೇಳಿ ಕಂಗಾಲಾಗುತ್ತಾಳೆ. ವಿಷಯ ಅದೇ, ತಲೆಯೂ ಅದೇ, ಹೆಸರಷ್ಟೇ ಬೇರೆ. ಆದರೂ "ಸೈನ್ಸು ನನಗೆ ಹತ್ತಲ್ಲ" ಎಂದು ಕೈಚೆಲ್ಲುತ್ತಾಳೆ.

ಹತ್ತಲ್ಲ ಎಂದು ಹೇಳಿದವರಾರು? ಅವಳ ಮನೆಯಲ್ಲೇ ಜೀವವಿಜ್ಞಾನವಿದೆ! ನರಸೀಪುರದ ಕಡೆ ರೇಷ್ಮೆ ಸಾಕುವವರು ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗ, ಗಂಟು ರೋಗ ಎಂದು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಹುಳು ಎಷ್ಟನೇ ಜ್ವರದಲ್ಲಿದೆ ಎಂದು ತಟ್ಟೆ ನೋಡಿಯೇ ಹೇಳುತ್ತಾರೆ. ಇದೇ ಗಂಟು ರೋಗದ ಬೆನ್ನು ಹತ್ತಿ 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆಸ್ ಊರಿಗೆ ಹೋದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನೇ ನಾಶ ಮಾಡಿ ಎಂದ. ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತದೆ. ಹೊಲದಲ್ಲಿ ಬೆಳೆಯುವ ವಿ-1 ಹಿಪ್ಪುನೇರಳೆ ಬಂದದ್ದೂ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಿಂದಲೇ.

ಇನ್ನು ನಂಜನಗೂಡಿನ ರಸಬಾಳೆ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನಿಂದ ಹೊಕ್ಕು, ನೀರು ಸಾಗುವ ನಾಳ ಕಟ್ಟಿ, ಗಿಡವನ್ನೇ ಸೊರಗಿಸುತ್ತದೆ. ಆ ಸೊರಗು ರೋಗಕ್ಕೆ ಹೆದರಿ ಎಷ್ಟೋ ರೈತರು ಈ ಬಾಳೆಯನ್ನೇ ಕೈಬಿಟ್ಟರು. ಊರಿನ ಹೆಸರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು, ತೋಟ ಮಾತ್ರ ಬರಿದಾಯಿತು! ಇದಕ್ಕೆ ಉತ್ತರ ಹುಡುಕುವ ಕೆಲಸವನ್ನು ರಸಬಾಳೆಯ ರುಚಿಯೇ ನೋಡದವರಿಗೆ ಬಿಟ್ಟುಕೊಡೋಣವೇ?

ಲ್ಯಾಬು ಎಂದರೆ ಇಂದ್ರಲೋಕವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ಡ್ರೋಸೊಫಿಲಾ ಎಂಬ ಹಣ್ಣಿನ ನೊಣದ ಸಂಶೋಧನೆಗೆ ಹೆಸರಾದದ್ದು. ಅಲ್ಲಿ ಆ ನೊಣಗಳ ತಳಿ ಕೇಂದ್ರವೇ ಇದೆ. ನೊಣಕ್ಕೆ ಹಾಕುವ ಆಹಾರ ಏನು ಗೊತ್ತೇ? ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ! ಬೂಷ್ಟು ಹಿಡಿಯದಂತೆ ಸ್ವಲ್ಪ ಆಮ್ಲ. ಹೊಸದಾಗಿ ಸೇರಿದವರು ಈ ಗಂಜಿ ಬೇಯಿಸುತ್ತಾರೆ, ಬಾಟಲಿ ತೊಳೆಯುತ್ತಾರೆ, ನೊಣ ಎಣಿಸುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಹತ್ತು ಹನ್ನೆರಡು ದಿನಕ್ಕೆ ಹೊಸ ತಲೆಮಾರು, ಮತ್ತೆ ಎಣಿಕೆ. ಎಂಟು ವರ್ಣತಂತುಗಳ ನೊಣವನ್ನೂ ಆರು ವರ್ಣತಂತುಗಳ ಅದರ ದಾಯಾದಿಯನ್ನೂ ಕೂಡಿಸಿ, ಲ್ಯಾಬಿನೊಳಗೇ ಹೊಸ ಜನಾಂಗಗಳು ರೂಪುಗೊಳ್ಳುವುದನ್ನು ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಮೈಸೂರಿನಲ್ಲೇ ಜಗತ್ತಿಗೆ ತೋರಿಸಿದರು. ಇದಕ್ಕೆ ಬೇಕಾದದ್ದು ತಾಳ್ಮೆ, ಪ್ರಾಮಾಣಿಕತೆ. ಅವೆರಡೂ ಇಂಗ್ಲಿಷ್ ಮಾಧ್ಯಮದವರ ಸ್ವತ್ತಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಪದವಿಯ ಎರಡನೇ ವರ್ಷದಲ್ಲೇ ಶುರು ಮಾಡಿ. ಯಾವ ಅಧ್ಯಾಪಕರು ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ. ಒಬ್ಬರಿಗೆ ಅರ್ಧ ಪುಟ ಪತ್ರ ಬರೆಯಿರಿ: ನೀವು ಯಾರು, ಅವರ ಯಾವ ಕೆಲಸ ನಿಮಗೆ ಹಿಡಿಸಿತು, ರಜೆಯಲ್ಲಿ ಎಷ್ಟು ವಾರ ಬರಬಲ್ಲಿರಿ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಬೇಡಿ. ಎರಡು ವಾರ ಉತ್ತರ ಬಾರದಿದ್ದರೆ ಬಸ್ಸು ಹತ್ತಿ ಹೋಗಿ, ನಮಸ್ಕಾರ ಹೇಳಿ ನಿಲ್ಲಿ. ಕಾಸು ಕೊಟ್ಟು ಪ್ರಾಜೆಕ್ಟ್ ರಿಪೋರ್ಟ್ ಮಾತ್ರ ಕೊಳ್ಳಬೇಡಿ. ಹೆಸರಷ್ಟೇ ಬದಲಾದ ಅದೇ ರಿಪೋರ್ಟು ವರ್ಷ ವರ್ಷ ಬೈಂಡಿಂಗಿಗೆ ಬರುವುದನ್ನು ಮುದ್ರಣಾಲಯದವನಾದ ನಾನು ಕಣ್ಣಾರೆ ಕಂಡಿದ್ದೇನೆ.

ಇಂಗ್ಲಿಷ್ ಕಲಿಯಬೇಡಿ ಎನ್ನುವ ದಡ್ಡತನ ನಮ್ಮದಲ್ಲ. ಪಿಪೆಟ್ ಹಿಡಿದ ಹಾಗೆ ಅದನ್ನೂ ಹಿಡಿಯಿರಿ. ಮೊದಲು ಕೈ ನಡುಗುತ್ತದೆ, ಆಮೇಲೆ ಕೂರುತ್ತದೆ. ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿದ್ದೇ ಕನ್ನಡದಲ್ಲಿ 'ಹಸುರು ಹೊನ್ನು' ಬರೆದರು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಲ್ಯಾಬಿಗೂ ಕನ್ನಡಕ್ಕೂ ಹಗೆಯಿಲ್ಲ.

ಹಗೆ ಇರುವುದು ದಿಲ್ಲಿಯ ನೀತಿಯಲ್ಲಿ! ಡಾಕ್ಟರಾಗಲು ಬರೆಯುವ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ. ಸಂಶೋಧಕರಾಗಲು ಬರೆಯುವ ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನದ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಇದರಲ್ಲಿ ಗೆದ್ದು ಕಿರಿಯ ಸಂಶೋಧಕರಾದರೆ 2023ರಿಂದ ತಿಂಗಳಿಗೆ 37,000 ರೂಪಾಯಿ ವೇತನ. ಬಡವರ ಮಕ್ಕಳಿಗೆ ಅದೇ ಊರುಗೋಲು. ಬಿಹಾರದ ಹುಡುಗನಿಗೆ ಅವನ ಶಾಲೆಯ ಭಾಷೆಯಲ್ಲಿ ಪ್ರಶ್ನೆ ಸಿಗುತ್ತದೆ, ನಂಜನಗೂಡಿನ ಹುಡುಗಿಗೆ ಸಿಗುವುದಿಲ್ಲ. ಇದು ಯಾವ ನ್ಯಾಯ? ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟದ್ದನ್ನು ನಮಗೂ ಕೊಡಿ, ಅಷ್ಟೇ.

ಮೈಸೂರು ವಿಶ್ವವಿದ್ಯಾನಿಲಯಕ್ಕೂ ಒಂದು ಮಾತು. 1916ರಲ್ಲಿ ನಾಲ್ವಡಿಯವರು ನಿಮ್ಮನ್ನು ಕಟ್ಟಿದ್ದು ಈ ನಾಡಿನ ಮಕ್ಕಳಿಗಾಗಿ. ಮಾನಸಗಂಗೋತ್ರಿ ಎಂಬ ಹೆಸರಿಟ್ಟವರು ಕುವೆಂಪು. ವರ್ಷಕ್ಕೆರಡು ಬಾರಿಯಾದರೂ ತಾಲ್ಲೂಕು ಕಾಲೇಜುಗಳ ಮಕ್ಕಳನ್ನು ಕರೆದು ಲ್ಯಾಬು ತೋರಿಸಿ, ಕನ್ನಡದಲ್ಲಿ ವಿವರಿಸಿ. ಪ್ರತಿ ಪಿಎಚ್.ಡಿ. ಪ್ರಬಂಧದ ಜೊತೆ ನಾಲ್ಕು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿ. ಅರ್ಪಣೆಯ ಪುಟದಲ್ಲಿ ಹೆಸರಿರುವ ತಾಯಿಗೆ, ಮಗಳು ಐದು ವರ್ಷ ಏನು ಮಾಡಿದಳೆಂದು ತಿಳಿಯುವ ಹಕ್ಕಿಲ್ಲವೇ? ನಾಲ್ಕು ಪುಟ ಅಚ್ಚು ಹಾಕಲು ಎಷ್ಟು ಕಡಿಮೆ ಖರ್ಚೆಂದು ನನಗೆ ಗೊತ್ತು. ದುಡ್ಡಿಲ್ಲ ಎಂಬ ನೆಪ ಬೇಡ.

ಗೆಳೆಯರೇ, ನಗರದಲ್ಲಿರುವ ನೀವು ಊರಿನ ಒಬ್ಬ ತಮ್ಮನನ್ನೋ ತಂಗಿಯನ್ನೋ ಈ ವರ್ಷ ಲ್ಯಾಬಿನ ಬಾಗಿಲವರೆಗೆ ಕರೆದುಕೊಂಡು ಹೋಗಿ. ನೆಟ್ ಕನ್ನಡದಲ್ಲಿ ಬರುವವರೆಗೆ ದಿಲ್ಲಿಗೆ ಪತ್ರ ಬರೆಯುವುದನ್ನು ನಿಲ್ಲಿಸಬೇಡಿ. ಬೋರ್ಡಿನ ಮೇಲೆ ಕನ್ನಡ ಬಂದರೆ ಕಣ್ಣಿಗೆ ತಂಪು. ಲ್ಯಾಬಿನೊಳಗೆ ಕನ್ನಡಿಗರು ಬಂದರೆ ನಾಡಿಗೆ ಬಲ.

ಸಿರಿಗನ್ನಡಂ ಗೆಲ್ಗೆ!